ಅವನು ಕರ್ಬಲಾ ಮುಟ್ಟಿದ್ದನೇ

ಟೊಂಯ್, ಟೊಂಯ್, ಟೊಂಯ್. ಎದುರು ಮನೆಯ ಪಡಸಾಲೆಯಲ್ಲಿ ಪಿಂಜಾರ ಜಿಲಾನಸಾಬನ ಬಿಲ್ಲು ಹತ್ತಿ ಹಿಂಜತೊಡಗಿದರೆ ಕಳಕಪ್ಪನ ದಿನ ಶುರುವಾಗುತ್ತಿತ್ತು. ಆ ನಾದ ಮೊದಲು ಎದೆಗೆ ತಾಗಿ ಆಮೇಲೆ ಕಿವಿಗೆ ಬರುತ್ತಿತ್ತು. ಅದನ್ನು ಕೇಳುತ್ತ ಅವನು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಗೂಟಕ್ಕೆ ತೂಗುಹಾಕಿದ ರೇಡಿಯೋದ ಕಿವಿ ಹಿಂಡುತ್ತಿದ್ದ. ಅತ್ತ ಹತ್ತಿ, ಇತ್ತ ಉಣ್ಣೆ, ನಡುವೆ ಓಣಿ. ಓಣಿಯ ಮೇಲೆ ದಿಲ್ಲಿಯಿಂದ ಬರುವ ವಾರ್ತೆ.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ರಸ್ತೆಯ ಮಗ್ಗುಲಿಗಿರುವ ಆ ಊರಿನಲ್ಲಿ ಕಳಕಪ್ಪ ಕಂಬಳಿ ನೇಯ್ದುಕೊಂಡು ಬದುಕಿದವನು. ಹುಣಸೆಬೀಜದ ಅಂಟಿನ ಸರಿ ಹಚ್ಚಿ ಒಣಗಿಸಿದ ಹಾಸಿನ ನೂಲಿನ ವಾಸನೆ ಅವನ ಮೈಗೇ ಹತ್ತಿಕೊಂಡಿತ್ತು. ಚಳಿಗಾಲ ಬಂದರೆ ಕಂಬಳಿಗಳ ಹೊರೆ ಹೊತ್ತು ಗಂಗಾವತಿ ಕಡೆಯ ಕಾಲುವೆ ಸೀಮೆಗೆ ಹೋಗುತ್ತಿದ್ದ. ಅಲ್ಲಿನ ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ರೈತರೊಡನೆ ವ್ಯಾಪಾರ ಮಾಡಿ ಮಾಡಿ ತೆಲುಗು ಕಲಿತಿದ್ದ. ಊರಿನಲ್ಲಿ ಆ ಭಾಷೆ ಬರುತ್ತಿದ್ದವನು ಅವನೊಬ್ಬನೇ. ಆ ಕಲಿಕೆ ಮುಂದೊಂದು ದಿನ ಅವನ ಕುತ್ತಿಗೆಗೆ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು.

ಊರು ಅವನನ್ನು ಬಲ್ಲದ್ದು ಕಂಬಳಿಯಿಂದಲ್ಲ, ಅಲಾಯಿ ಹಬ್ಬದ ಪದಗಳಿಂದ. ಮೊಹರಂ ತಿಂಗಳ ಚಂದ್ರ ಕಂಡರೆ ಆ ಭಾಗದಲ್ಲಿ ಹಿಂದೂ, ಮುಸಲ್ಮಾನ ಎಂಬ ಎಣಿಕೆ ಹತ್ತು ದಿನದ ಮಟ್ಟಿಗೆ ಬದಿಗೆ ಸರಿಯುತ್ತದೆ. ಕೊರಳಿಗೆ ಹರಕೆಯ ದಾರದ ಲಾಡಿ ಕಟ್ಟಿಕೊಂಡು ಕುರುಬರ ಹುಡುಗನೂ ಫಕೀರನಾಗುತ್ತಾನೆ, ಲಿಂಗವಂತರ ಮನೆಯಲ್ಲೂ ಹಬ್ಬದ ಸಿಹಿ ಚೊಂಗ್ಯಾ ಬೇಯುತ್ತವೆ. ಜಿಲಾನಸಾಬ ಅಲಾಯಿ ದೇವರ ಮುಜಾವರ, ಪೂಜೆ ಅವನದು. ಪದ ಕಳಕಪ್ಪನದು.

ಆ ಊರಿನ ಪದದಲ್ಲಿ ಎರಡು ಸಾಲು. ಕೆಂಡ ತುಂಬುವ ಅಲಾಯಿ ಕುಣಿಯ ಈ ಕಡೆ ನಿಂತವರು ಕರ್ಬಲಾದಲ್ಲಿ ಮಡಿದ ಹುಸೇನರ ಕಡೆಯವರು, ಆ ಕಡೆ ನಿಂತವರು ಅವರನ್ನು ಕೊಲ್ಲಿಸಿದ ಯಜೀದನ ದಂಡು. ಒಂದು ಸಾಲು ಸವಾಲು ಹಾಕಿದರೆ ಇನ್ನೊಂದು ಜವಾಬು ಕೊಡಬೇಕು. ಹುಸೇನರ ಸಾಲಿಗೆ ಹಾಡುವವರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಯಜೀದನ ಸಾಲಿಗೆ ಯಾರೂ ಒಲ್ಲರು. ಮಕ್ಕಳಿಗೆ ನೀರು ಕೊಡದವನ ಪರವಾಗಿ ಬಾಯಿ ತೆರೆಯಲು ಯಾರಿಗೆ ಮನಸ್ಸಾದೀತು? ಆದರೆ ಆ ಸಾಲು ಇಲ್ಲದಿದ್ದರೆ ಪದ ನಡೆಯುವುದಿಲ್ಲ. ರಾಯಚೂರು ಜಿಲ್ಲೆ ಒಡೆದು ಕೊಪ್ಪಳ ಬೇರೆ ಜಿಲ್ಲೆಯಾದ ಕಾಲಕ್ಕೆ, ಆ ಸಾಲಿನ ಹಳೆಯ ಹಾಡುಗಾರ ತೀರಿಕೊಂಡ. ಮರು ಹಬ್ಬಕ್ಕೆ ಕಳಕಪ್ಪ ತಾನಾಗಿ ಹೋಗಿ ಅಲ್ಲಿ ನಿಂತ.

ಅಂದಿನಿಂದ ಪ್ರತಿ ವರ್ಷ ಯಜೀದನ ಸಾಲಿಗೆ ಹೊಸ ಕಾರಣಗಳನ್ನು ಕಟ್ಟಿಕೊಡುವುದು ಅವನ ಕೆಲಸವಾಯಿತು. ನೀರು ಯಾಕೆ ತಡೆದೆವು, ಬಾಣ ಯಾಕೆ ಬಿಟ್ಟೆವು, ಆರು ತಿಂಗಳ ಕೂಸು ಅಡ್ಡ ಬಂದದ್ದು ನಮ್ಮ ತಪ್ಪೇ? ಎದುರು ಸಾಲಿನವರು ಒಂದು ಗಳಿಗೆ ತಬ್ಬಿಬ್ಬಾಗುವಷ್ಟು ನಯವಾಗಿ ಅವನು ಅದನ್ನು ಕಟ್ಟುತ್ತಿದ್ದ. ಹಾಡಿ ಮನೆಗೆ ಬಂದರೆ ಹೆಂಡತಿ ಮುದಕಮ್ಮ ತಂಬಿಗೆ ನೀರು ಕೊಟ್ಟು, “ಮೊದ್ಲ ಬಾಯಿ ತೊಳ್ಕೊರಿ. ಎಂಥಾ ಮಾತು ಆಡಿ ಬಂದೀರಿ” ಎನ್ನುತ್ತಿದ್ದಳು. ಅವನು ತೊಳೆದುಕೊಳ್ಳುತ್ತಿದ್ದ.

ಈ ಕೆಲಸದಿಂದ ಅವನಿಗೆ ಒಂದು ಚಟ ಅಂಟಿತು. ರೇಡಿಯೋದ ವಾರ್ತೆಯನ್ನು ಅವನು ಪದ ಕೇಳಿದ ಹಾಗೆ ಕೇಳುತ್ತಿದ್ದ. ಕಾರ್ಗಿಲ್ಲಿನ ಬೇಸಿಗೆ ಮುಗಿದು ಅದೇ ವರ್ಷ ಚುನಾವಣೆ ಬಂದಾಗ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಸತ್ತ ಸಿಪಾಯಿಯೊಬ್ಬನ ಚಿತ್ರ, ಪಕ್ಕದಲ್ಲಿ ಕೈಮುಗಿದ ಅಭ್ಯರ್ಥಿಯ ಚಿತ್ರ ಬಂದವು. ಕಳಕಪ್ಪ ಬಹಳ ಹೊತ್ತು ಅದರ ಮುಂದೆ ನಿಂತಿದ್ದ. ಯಾರು ಯಾರಿಗೆ ಕೈಮುಗಿದಿದ್ದಾರೆ ಎಂಬುದು ಅವನಿಗೆ ತಿಳಿಯಲಿಲ್ಲ.

ಎರಡು ಸಾವಿರದ ಮೂರರ ಮೊಹರಂ ಮಾರ್ಚಿನಲ್ಲಿ ಬಂತು. ದೇವರನ್ನು ಹೊಳೆಗೆ ಕಳಿಸಿ, ಕುಣಿ ಮುಚ್ಚಿ, ಅದರ ಬಿಸಿ ಆರುವ ಮೊದಲೇ ಇರಾಕಿನ ಮೇಲೆ ಬಾಂಬು ಬೀಳತೊಡಗಿದವು. ಅಲ್ಲಿನ ದೊರೆಯ ಹತ್ತಿರ ಊರಿಗೆ ಊರನ್ನೇ ಕೊಲ್ಲುವ ವಿಷದ ಆಯುಧಗಳಿವೆ, ಅದಕ್ಕಾಗಿ ಈ ಯುದ್ಧ ಎಂದು ವಾರ್ತೆ ಹೇಳಿತು. ಒಂದು ಬೆಳಗ್ಗೆ ವಾರ್ತೆ ಓದುವವನ ಬಾಯಿಂದ “ಕರ್ಬಲಾ ಬಳಿ ಭೀಕರ ಕಾಳಗ” ಎಂಬ ಮಾತು ಬಂತು. ಎದುರು ಮನೆಯಲ್ಲಿ ಬಿಲ್ಲು ನಿಂತಿತು. ಜಿಲಾನಸಾಬ ಮೈಗೆಲ್ಲ ಹತ್ತಿ ಮೆತ್ತಿಕೊಂಡು ಓಣಿ ದಾಟಿ ಬಂದ.

“ಏನಂದ ಅವ? ನಮ್ಮ ಕರ್ಬಲಾನs ಏನು?”

“ಇನ್ನೆಷ್ಟು ಕರ್ಬಲಾ ಅದಾವೋ ಮಾರಾಯಾ.”

“ಅದು ಇನ್ನೂ ಐತೇನು?” ಎಂದ ಜಿಲಾನಸಾಬ. ಹುಟ್ಟಿದಾಗಿನಿಂದ ಹಾಡಿಕೊಂಡು, ಅತ್ತುಕೊಂಡು ಬಂದ ಊರು ಅದು. ಅದಕ್ಕೆ ಇವತ್ತೂ ರಸ್ತೆಯಿದೆ, ಅಂಗಡಿಯಿದೆ, ಹೊಲವಿದೆ, ಅಲ್ಲಿ ಜನ ಈ ಹೊತ್ತು ನೆಲಕ್ಕೆ ಬಿದ್ದು ತಲೆ ಮುಚ್ಚಿಕೊಂಡಿದ್ದಾರೆ ಎನ್ನುವುದು ಅವರಿಬ್ಬರಿಗೂ ಅಂದೇ ತಿಳಿದದ್ದು.

ಗಾಳೇಶನ ಚಹಾದ ಹೋಟೆಲಿನಲ್ಲಿ ಆಗ ಎರಡು ಪೇಪರು ಬರುತ್ತಿದ್ದವು. ಒಂದನ್ನು ಎಸ್‌ಟಿಡಿ ಬೂತಿನ ವೆಂಕೋಬ ಓದುತ್ತಿದ್ದ, ಇನ್ನೊಂದನ್ನು ಸೊಸೈಟಿಯ ಗೌಡ ವಿರೂಪಾಕ್ಷಪ್ಪ. ಇಬ್ಬರದೂ ಬೇರೆ ಬೇರೆ ಪಕ್ಷ, ಬೇರೆ ಬೇರೆ ಬೆಂಚು; ದಿಲ್ಲಿಯಲ್ಲಿ ಆಗ ಆಳುತ್ತಿದ್ದದ್ದು ವಿರೂಪಾಕ್ಷಪ್ಪನ ಪಕ್ಷ. ಒಬ್ಬನ ಪೇಪರನ್ನು ಇನ್ನೊಬ್ಬ ಮುಟ್ಟುತ್ತಿರಲಿಲ್ಲ.

“ಬಡದು ಹಾಕ್ಲಿ ಬಿಡ್ರಿ. ಅಂಥಾ ಆಯುಧ ಇಟ್ಕೊಂಡ ಮ್ಯಾಲೆ ಇನ್ನೇನ ಮಾಡ್ಬೇಕು?” ಎಂದ ವಿರೂಪಾಕ್ಷಪ್ಪ.

“ನೀ ಹೋಗಿ ನೋಡಿ ಬಂದಿಯೇನು ಗೌಡಾ, ಆಯುಧಾನ?” ವೆಂಕೋಬ ತನ್ನ ಬೆಂಚಿನಿಂದಲೇ ಕೇಳಿದ.

“ಪೇಪರಿನ್ಯಾಗ ಹಾಕ್ಯಾರ.”

“ನಿನ್ನ ಪೇಪರಿನ್ಯಾಗ ನಿಮ್ಮ ಸೊಸೈಟಿಗೆ ಗೊಬ್ಬರ ಬಂದೈತಿ ಅಂತಾನೂ ಹಾಕಿದ್ರು. ಎಲ್ಲೈತಿ?”

ಜನ ನಕ್ಕರು. ಕಳಕಪ್ಪ ಮಾತ್ರ ಚಹಾದ ಬಸಿ ಕೆಳಗಿಟ್ಟು ಮೆಲ್ಲಗೆ ಹೇಳಿದ: “ಈ ಯುದ್ಧದ ಪದ ಕಟ್ಟಿದಾವ ನನಗಿಂತ ಹುಷಾರ ಅದಾನ್ರಿ. ಯಾರೂ ಕಾಣದ್ದೊಂದು ಭಯ ಮುಂದ ಇಡಬೇಕು. ತಡಾ ಮಾಡಿದ್ರ ಸತ್ತಿವಿ ಅನಬೇಕು. ಕಡೀ ನುಡಿಯಾಗ ದೇವರ ಹೆಸರು ತರಬೇಕು. ನಾ ಯಜೀದನ ಸಾಲಿಗೆ ಹಿಂಗs ಕಟ್ಟತೀನಿ.”

“ಹಂಗಾರ ಇಲ್ಲಿ ಯಜೀದ ಯಾರು ಅಂತಿ?” ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಆ ದೊರೆಯೂ ತನ್ನ ಜನರನ್ನೇ ಕೊಂದವನೆಂದು ಅದೇ ರೇಡಿಯೋ ಹೇಳಿತ್ತು. ಅದು ಸುಳ್ಳೆನ್ನಲು ಅವನ ಹತ್ತಿರ ಆಧಾರವಿರಲಿಲ್ಲ.

ಇಷ್ಟು ತಿಳಿದವನು ಒಂದು ಮಾತಿಗೆ ಮಾತ್ರ ಮೋಸಹೋದ. ಬೇಸಿಗೆಯಲ್ಲಿ ರೇಡಿಯೋ “ಯುದ್ಧ ಮುಗಿದಿದೆ” ಎಂದಾಗ ಅವನು ನಂಬಿದ. ಯುದ್ಧ ಶುರುಮಾಡಲು ಸುಳ್ಳು ಬೇಕು, ಮುಗಿಯಿತು ಎನ್ನಲು ಯಾರಿಗೆ ಯಾಕೆ ಸುಳ್ಳು ಬೇಕು ಎಂದುಕೊಂಡ.

ಜಿಲಾನಸಾಬನಿಗೆ ಒಬ್ಬನೇ ಮಗ, ಇಲಿಯಾಸ. ಹತ್ತಿ ಹಿಂಜುವ ಮಷೀನು ಕುಷ್ಟಗಿಗೆ ಬಂದ ಮೇಲೆ ಬಿಲ್ಲಿನಿಂದ ಎರಡು ಹೊಟ್ಟೆ ತುಂಬುವುದಿಲ್ಲವೆಂದು ಲಾರಿ ಕಲಿತು, ಕುವೈತಿಗೆ ಹೋಗಿ ಬೇಕರಿಯೊಂದರ ಗಾಡಿ ಓಡಿಸಿಕೊಂಡಿದ್ದ. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಮೊಹರಮ್ಮಿನಲ್ಲಿ ಹುಸೇನರ ಸಾಲಿನ ತುದಿಗೆ ನಿಂತು, ಯಜೀದನ ಸಾಲಿನಲ್ಲಿದ್ದ ಕಳಕಪ್ಪ ಕಾಕಾನನ್ನೇ ನೋಡುತ್ತ ಹಾಡುತ್ತಿದ್ದ. ಅವನ ಧ್ವನಿ ಮೇಲಿನ ಸ್ವರಕ್ಕೆ ಹೋದಾಗ ಒಡೆಯುತ್ತಿತ್ತು. ಆ ಒಡಕಿಗೇ ಹೆಂಗಸರು ಸೆರಗು ಕಣ್ಣಿಗೆ ಒತ್ತುತ್ತಿದ್ದರು.

ಮಳೆಗಾಲದಲ್ಲಿ ಒಂದು ಶುಕ್ರವಾರ ವೆಂಕೋಬನ ಬೂತಿಗೆ ಅವನ ಫೋನು ಬಂತು. ತಂದೆ, ತಾಯಿ ಅಬೇದಾಬಿ, ಕಳಕಪ್ಪ ಮೂವರೂ ಹೋದರು. ಬೇಕರಿ ಬಿಟ್ಟು ಬೇರೆ ಕಂಪನಿಗೆ ಸೇರುವಂತೆ ಏಜೆಂಟ್ ಹೇಳುತ್ತಿದ್ದಾನೆ, ಆ ಕಂಪನಿಯ ಲಾರಿಗಳು ಇರಾಕಿನೊಳಗೆ ಸಾಮಾನು ಒಯ್ಯುತ್ತವೆ, ಹೋಗಲೋ ಬೇಡವೋ ಎಂದು ಅವನು ಕೇಳಿದ. ಅಬೇದಾಬಿ ಬೇಡವೆಂದು ಕೈಯಾಡಿಸಿದಳು. ಜಿಲಾನಸಾಬ ಫೋನನ್ನು ಕಳಕಪ್ಪನ ಕೈಗೆ ಕೊಟ್ಟ.

“ಕಾಕಾ, ನೀ ರೇಡಿಯೋ ಕೇಳ್ತಿ. ಯುದ್ಧ ಖರೇನ ಮುಗದೈತಿ?”

“ಮುಗದೈತಿ ಅಂದ್ರಪಾ. ತಿಂಗ್ಳs ಆತು.”

“ಆ ದಾರಿ ಕರ್ಬಲಾದ ಮಗ್ಗಲದಾಗ ಹೋಗ್ತೈತಂತ ಕಾಕಾ.”

ಬೂತಿನ ಗಾಜಿನ ಆಚೆ ನಿಂತ ಇಬ್ಬರಿಗೆ ಕಳಕಪ್ಪ ಅದನ್ನು ಹೇಳಿದ. ಅವರ ಮುಖ ಬದಲಾದದ್ದನ್ನು ಅವನು ಮುಂದೆ ಎಂದೂ ಮರೆಯಲಿಲ್ಲ. ಬೇಡವೆಂದು ಕೈಯಾಡಿಸುತ್ತಿದ್ದ ಅಬೇದಾಬಿಯ ಕೈ ಎದೆಯ ಮೇಲೆ ಹೋಗಿ ನಿಂತಿತು. ಜಿಲಾನಸಾಬ ತಲೆಯ ಟೊಪ್ಪಿಗೆ ಸರಿಮಾಡಿಕೊಂಡ, ಯಾರೋ ಹಿರಿಯರು ಎದುರಿಗೆ ಬಂದ ಹಾಗೆ. ಫೋನಿನೊಳಗೆ ಕಳಕಪ್ಪ ಹೇಳಿದ: “ಹೋಗಪಾ ಇಲಿಯಾಸ. ನಮ್ಮೂರಾಗ ಯಾರೂ ಕಾಣದ್ದನ್ನ ನೀ ಕಂಡು ಬಾ. ಒಂದು ಹಿಡಿ ಮಣ್ಣು ತಾ. ಮುಂದಿನ ಹಬ್ಬಕ್ಕ ಅಲಾಯಿ ಕುಣಿಗೆ ಹಾಕೂಣು.”

ಹುಡುಗ ನಕ್ಕ. “ಆತು ಕಾಕಾ” ಎಂದ.

ಯುದ್ಧದ ಒಳಗೆ ಹೋಗುವ ಲಾರಿ ಅದು ಎಂಬುದು ಆ ಗಳಿಗೆಯಲ್ಲಿ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರ ಕಣ್ಣಿಗೆ ಅದು ಯಾತ್ರೆಯಾಗಿತ್ತು. ಊರಿಗೆ ಊರೇ ಹಿಗ್ಗಿತು. ಅಬೇದಾಬಿಯನ್ನು ಹೆಂಗಸರು ಬಾವಿಯ ಹತ್ತಿರ ತಡೆದು, “ನಿನ್ನ ಮಗ ಕರ್ಬಲಾಕ ಹೊಂಟಾನಂತಲ್ಲs ಯವ್ವಾ, ಪುಣ್ಯವಂತಿ” ಎಂದರು. ಒಬ್ಬಾಕೆ ತನ್ನ ಮೊಮ್ಮಗನ ಹೆಸರಿನಲ್ಲಿ ಅಲ್ಲಿ ಸಕ್ಕರೆ ಹಂಚಲು ಹೇಳಿ ಕಳಿಸಿದಳು. ಕಾರಣಗಳನ್ನು ಕಟ್ಟುವುದರಲ್ಲಿ ಪಳಗಿದ ಕಳಕಪ್ಪ, ತಾನು ಕಟ್ಟಿದ ಎಲ್ಲಕ್ಕಿಂತ ಚೆಂದದ ಕಾರಣವನ್ನು ಅರಿಯದೆ ಆ ದಿನ ಕಟ್ಟಿಕೊಟ್ಟಿದ್ದ.

ರಮಜಾನಿನ ತಿಂಗಳಲ್ಲಿ ಸುದ್ದಿ ಬಂತು. ಕಂಪನಿಯವರು ಫೋನು ಮಾಡಿ, ಇಲಿಯಾಸ ಅಪಘಾತದಲ್ಲಿ ತೀರಿಕೊಂಡ, ದೇಹ ಕಳಿಸುವ ಸ್ಥಿತಿಯಲ್ಲಿಲ್ಲ, ಅಲ್ಲೇ ಮಣ್ಣು ಮಾಡಲಾಗಿದೆ ಎಂದರು. ಎಲ್ಲಿ ಎಂದರೆ ಹೇಳಲಿಲ್ಲ. ಎದುರು ಮನೆಯ ಬಿಲ್ಲು ಗೋಡೆಗೆ ಆತುಕೊಂಡು ನಿಂತಿತು. ಗಾದಿ ತುಂಬಿಸಲು ಬಂದವರು ತಿರುಗಿ ಹೋದರು. ಕಳಕಪ್ಪನೂ ಕೆಲವು ದಿನ ಮಗ್ಗಕ್ಕೆ ಇಳಿಯಲಿಲ್ಲ. ಆ ನಾದವಿಲ್ಲದೆ ಅವನ ಕೈಗೆ ಲಯ ಸಿಗುತ್ತಿರಲಿಲ್ಲ.

ಅಬೇದಾಬಿ ಎದೆ ಬಡಿದುಕೊಂಡು ಅಳಲಿಲ್ಲ. ಅವಳಿಗೆ ಒಂದೇ ಮಾತು ಬೇಕಾಗಿತ್ತು. ಮೂರನೆಯ ದಿನ ಕಳಕಪ್ಪ ಹೋಗಿ ಕುಳಿತಾಗ ಅದನ್ನು ಕೇಳಿದಳು.

“ಅಣ್ಣಾ, ಅವ ಕರ್ಬಲಾ ಮುಟ್ಟಿದ್ನೇನು?”

“ಅದು ಗೊತ್ತಿಲ್ಲ ತಂಗಿ.”

“ಮುಟ್ಟಿ ಬರಾಕತ್ತಾಗ ಹಿಂಗಾಗಿದ್ರ ನಾ ತಡಕೋತೀನಿ. ಮುಟ್ಟೂಕಿಂತ ಮೊದ್ಲ ಆಗಿದ್ರ…” ಅವನ ಕಡೆ ತಿರುಗಿದಳು. “ಕೇಳಿ ಹೇಳಣ್ಣಾ. ನಿನಗ ಸುದ್ದಿ ಗೊತ್ತಾಗ್ತಾವು.”

ಅವನು ಕೇಳಿದ. ಬೆಳಗಿನ ವಾರ್ತೆ, ಮಧ್ಯಾಹ್ನದ ವಾರ್ತೆ, ಸಂಜೆಯ ಪ್ರದೇಶ ಸಮಾಚಾರ, ಎಲ್ಲ ಕೇಳಿದ. ಅವುಗಳಲ್ಲಿ ದೊಡ್ಡವರು ದೊಡ್ಡವರಿಗೆ ಆಡಿದ ಮಾತುಗಳಿದ್ದವು. ಇಲಿಯಾಸ ಎಂಬ ಡ್ರೈವರನೊಬ್ಬ ಕರ್ಬಲಾದ ಈಚೆ ಸತ್ತನೋ ಆಚೆ ಸತ್ತನೋ ಎಂಬುದು ಯಾವುದರಲ್ಲೂ ಬರಲಿಲ್ಲ.

ಪೇಪರಿನಲ್ಲಿ ಮಾತ್ರ ಬಂತು. ಎರಡರಲ್ಲೂ ಬಂತು. ಚುನಾವಣೆಯ ಗಾಳಿ ಆಗಲೇ ಬೀಸತೊಡಗಿತ್ತು. ವೆಂಕೋಬ ತನ್ನ ಪೇಪರಿನವರಿಗೆ ಸುದ್ದಿ ಕೊಟ್ಟಿದ್ದ. “ಪವಿತ್ರ ಕರ್ಬಲಾದಲ್ಲಿ ಜಿಲ್ಲೆಯ ಯುವಕ ಹುತಾತ್ಮ, ಕೇಂದ್ರದ ಮೌನ” ಎಂದು ಅದರಲ್ಲಿ ಅಚ್ಚಾಯಿತು. ಎರಡು ದಿನಕ್ಕೆ ವಿರೂಪಾಕ್ಷಪ್ಪನ ಪೇಪರಿನಲ್ಲಿ, “ಗಡಿ ದಾಟುವ ಮೊದಲೇ ಅಪಘಾತ, ಅತಿವೇಗವೇ ಕಾರಣ” ಎಂದು ಬಂತು. ಇಬ್ಬರಲ್ಲಿ ಯಾರೂ ಕುವೈತಿಗೆ ಹೋಗಿರಲಿಲ್ಲ, ಯಾರೂ ಅಲ್ಲಿಗೊಂದು ಫೋನು ಮಾಡಿರಲಿಲ್ಲ. ಒಬ್ಬನ ಪಕ್ಷಕ್ಕೆ ಹುಡುಗ ಕರ್ಬಲಾ ಮುಟ್ಟಬೇಕಿತ್ತು, ಇನ್ನೊಬ್ಬನ ಪಕ್ಷಕ್ಕೆ ಮುಟ್ಟಬಾರದಿತ್ತು.

ಗಾಳೇಶನ ಹೋಟೆಲಿನಲ್ಲಿ ಅದರ ಮೇಲೆ ವಾದ ಶುರುವಾಯಿತು. ಓಟಿನ ಲೆಕ್ಕದ ಹಾಗೆ ಜನ ಎರಡಾದರು. ಮುಟ್ಟಿದ್ದ ಎನ್ನುವವರು ವೆಂಕೋಬನ ಬೆಂಚಿಗೆ, ಇಲ್ಲ ಎನ್ನುವವರು ವಿರೂಪಾಕ್ಷಪ್ಪನ ಬೆಂಚಿಗೆ. ಇಲಿಯಾಸನನ್ನು ಹೆಗಲ ಮೇಲೆ ಹೊತ್ತು ಆಡಿಸಿದವರೂ, “ಅವ ಮೊದ್ಲಿಂದಾನೂ ಜೋರು ಹೊಡೀತಿದ್ದ ಬಿಡು ಗಾಡೀನ” ಎಂದು ಮಾತಾಡಿದರು. ಹೋಟೆಲಿನ ಮುಂದಿನ ದಾರಿಯೇ ನೀರಿನ ದಾರಿ. ಕೊಡ ಹೊತ್ತು ಹೋಗುವಾಗ ಅಬೇದಾಬಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಮುಟ್ಟಿದ್ದ ಎಂಬ ಮಾತು ಕಿವಿಗೆ ಬಿದ್ದರೆ ಆ ದಿನ ಒಲೆ ಹಚ್ಚುತ್ತಿದ್ದಳು. ಮುಟ್ಟಿಲ್ಲ ಎಂಬುದು ಬಿದ್ದರೆ ಹಾಗೇ ಮಲಗುತ್ತಿದ್ದಳು. ಎರಡು ಪೇಪರಿನ ನಡುವೆ ಆ ತಾಯಿ ಸಣ್ಣಗಾಗುತ್ತ ಹೋದಳು.

ಸಂಕ್ರಮಣ ಕಳೆದ ಮೇಲೆ ಒಂದು ಮಧ್ಯಾಹ್ನ ವೆಂಕೋಬ ಬಂದು, ಕುವೈತಿನ ಫೋನು, ಏನೋ ತೆಲುಗು ಮಾತಾಡ್ತಾನ, ಬರ್ರಿ ಎಂದು ಕರೆದ. ಜಿಲಾನಸಾಬ ಕಳಕಪ್ಪನನ್ನು ಕರೆದುಕೊಂಡೇ ಹೋದ. ಮಾತಾಡಿದವನು ಇಲಿಯಾಸನ ಹಿಂದಿನ ಲಾರಿ ಓಡಿಸುತ್ತಿದ್ದವನು, ಗೋದಾವರಿ ಕಡೆಯವನು. ಅವನಿಗೆ ಹಿಂದಿ ಅಷ್ಟಾಗಿ ಬಾರದು. ಕಳಕಪ್ಪನ ತೆಲುಗು ಕೇಳಿದ್ದೇ ತಡ, ಅವನು ಎದೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಸುರಿದ.

ಲಾರಿಗಳ ಸಾಲು ಹೊರಟರೆ ಎಲ್ಲೂ ನಿಲ್ಲುವ ಹಾಗಿಲ್ಲ, ಮುಂದೆ ಹಿಂದೆ ಕಾವಲಿನ ಗಾಡಿಗಳಿರುತ್ತವೆ ಎಂದ ಅವನು. ಒಂದು ಕಡೆ ಕರ್ಬಲಾಕ್ಕೆ ದಾರಿ ಕವಲೊಡೆಯುತ್ತದೆ. ಅಲ್ಲಿ ಅರಬ್ಬಿ ಅಕ್ಷರದ ಒಂದು ಬೋರ್ಡು. ಇಲಿಯಾಸ ಉರ್ದು ಬಲ್ಲವನು, ಆ ಅಕ್ಷರ ಓದಿದ. ಲಾರಿ ನಿಲ್ಲಿಸಿದ. ಇಳಿದು ಓಡಿಹೋಗಿ ಬೋರ್ಡಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈಯಿಂದ ನೆಲ ಕೆದರತೊಡಗಿದ. ಯಾಕೆಂದು ತನಗೆ ಈಗಲೂ ತಿಳಿಯದು. ಆ ದಾರಿಯ ಬದಿಯಲ್ಲಿ ನೆಲ ಅಗೆಯುವವರು ಬಾಂಬು ಹೂಳುವವರು ಎಂದು ಕಾವಲಿನವರಿಗೆ ಹೇಳಿಕೊಟ್ಟಿರುತ್ತಾರೆ. ಅವರು ಯಾವ ದೇಶದವರೋ, ಯಾರ ಸಂಬಳದವರೋ ಗೊತ್ತಿಲ್ಲ. ಅವರು ಎಚ್ಚರಿಸಿ ಕೂಗಿದ್ದೂ ಕೇಳಲಿಲ್ಲ. ಗುಂಡಿನ ಸದ್ದು ಮಾತ್ರ ಕೇಳಿಸಿತು. ಸಾಲು ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ ಎಂದು ಅವನು ಅತ್ತ. “ಎಂದುಕು ದಿಗಾಡು ಅನ್ನಾ?” ಎಂದು ಕೇಳಿದ. ಯಾಕೆ ಇಳಿದ?

ಕರ್ಬಲಾ ಅಲ್ಲಿಂದ ಎಷ್ಟು ದೂರ ಎಂದು ಕಳಕಪ್ಪ ಕೇಳಬೇಕೆಂದಿದ್ದ. ಲೈನು ಕಡಿಯಿತು.

ಗಾಜಿನ ಬಾಗಿಲಾಚೆ ಜಿಲಾನಸಾಬ, ವೆಂಕೋಬ ನಿಂತಿದ್ದರು. “ಏನಂದ?” ಎಂದು ಜಿಲಾನಸಾಬ ಕೇಳಿದ.

“ಲೈನ್ ಸರೀ ಇರಲಿಲ್ಲ,” ಎಂದ ಕಳಕಪ್ಪ. “ಛಲೋ ಹುಡುಗ ಇದ್ದ ಅಂದ. ಅಷ್ಟ.”

ಅಂದಿನಿಂದ ಅವನು ಎದುರು ಮನೆಗೆ ಹೋಗುವುದನ್ನು ಬಿಟ್ಟ. ಓಣಿಯಲ್ಲಿ ಅಬೇದಾಬಿ ಬರುವುದು ಕಂಡರೆ ಹಿತ್ತಲಿನ ಕಡೆ ಸರಿಯುತ್ತಿದ್ದ. ಮುದಕಮ್ಮನಿಗೂ ಹೇಳಲಿಲ್ಲ. ಮುಟ್ಟಿದ್ದ ಎಂದುಬಿಡಬಹುದು. ಕಾರಣ ಕಟ್ಟುವವನಿಗೆ ಅದೇನು ಕಷ್ಟ? ಆದರೆ ಆ ಸುಳ್ಳು ಅವಳಿಗಾಗಿಯೋ ತನಗಾಗಿಯೋ ಎಂದು ಕೇಳಿಕೊಂಡಾಗಲೆಲ್ಲ ಅವನ ಕೈಯಲ್ಲಿನ ಲಾಳಿ ನಿಲ್ಲುತ್ತಿತ್ತು. ಒಂದು ಹಿಡಿ ಮಣ್ಣು ತಾ ಎಂದವನು ತಾನು.

ಅದೇ ದಿನಗಳಲ್ಲಿ ರೇಡಿಯೋ ಇನ್ನೊಂದು ಸುದ್ದಿ ಹೇಳಿತು. ಇರಾಕಿನಲ್ಲಿ ಆಯುಧ ಹುಡುಕಲು ಹೋದವರ ಮುಖ್ಯಸ್ಥನೇ, ಅಲ್ಲಿ ಅಂಥವು ಸಿಗಲಿಲ್ಲ, ನಾವು ತಿಳಿದದ್ದು ತಪ್ಪಾಗಿತ್ತು ಎಂದಿದ್ದ. ಓದುವವನು ಅದನ್ನು ಓದಿ ಮುಗಿಸಿ, ಅದೇ ಧ್ವನಿಯಲ್ಲಿ ಕ್ರಿಕೆಟ್ಟಿಗೆ ಹೋದ. ತಪ್ಪಾಗಿತ್ತು ಎಂಬ ಮಾತು ಅಷ್ಟು ಹಗುರಾಗಿ ಬಂದು ಹೋದದ್ದನ್ನು ಕೇಳಿ ಕಳಕಪ್ಪ ಬಹಳ ಹೊತ್ತು ಕುಣಿಯೊಳಗೆ ಕಾಲು ಬಿಟ್ಟುಕೊಂಡೇ ಕುಳಿತ. ಅವನ ಪದದಲ್ಲಿ ಯಜೀದನ ದಂಡಿನವರೂ ಕೊನೆಗೆ ಎದೆ ಬಡಿದುಕೊಳ್ಳುತ್ತಾರೆ. ಇಲ್ಲಿ ಯಾರೂ ಬಡಿದುಕೊಳ್ಳಲಿಲ್ಲ.

ಮರುದಿನ ಹೋಟೆಲಿನಲ್ಲಿ ಅವನು ವಿರೂಪಾಕ್ಷಪ್ಪನನ್ನು ಕೇಳಿದ: “ಗೌಡ್ರ, ಆಯುಧ ಸಿಗಲಿಲ್ಲಂತಲ್ರಿ.”

“ಸಿಗಲಿಲ್ಲಂದ್ರ ಏನಾತು? ಆ ದೊರಿ ಕೆಟ್ಟಾವನs ಇದ್ದ. ಅದಕ್ಕ ಮಾಡಿದ್ರು.”

“ಮೊದ್ಲ ಅದನ್ನ ಹೇಳಿರಲಿಲ್ಲ.”

“ಈಗ ಹೇಳ್ಯಾರಲ್ಲ.”

“ಕಾರಣ ಬದಲಿ ಮಾಡಿದ್ರ ಸತ್ತಾವ್ರು ಎದ್ದು ಬರ್ತಾರೇನ್ರಿ?” ಎಂದ ಕಳಕಪ್ಪ. ವೆಂಕೋಬ ತನ್ನ ಬೆಂಚಿನ ಮೇಲೆ ತೊಡೆ ತಟ್ಟಿಕೊಂಡು ನಕ್ಕ. ತನ್ನ ಕಡೆ ಒಂದು ಮಾತು ಬಿತ್ತೆಂದು ಅವನಿಗೆ ಖುಷಿಯಾಗಿತ್ತು. ಆ ನಗು ನೋಡಿ ಕಳಕಪ್ಪನಿಗೆ ತಾನು ಆಡಿದ್ದೇ ಬೇಸರವಾಯಿತು.

ಫೆಬ್ರವರಿಯ ಕೊನೆಗೆ ಮೊಹರಂ ಚಂದ್ರ ಕಂಡಿತು. ಜಿಲಾನಸಾಬ ಗುದ್ದಲಿ ಹಾಕಿ ಕುಣಿ ತೆಗೆದ. ಪ್ರತಿ ವರ್ಷ ಅವನ ಜೊತೆ ಮಣ್ಣು ತುಂಬುತ್ತಿದ್ದ ಮಗನಿರಲಿಲ್ಲ. ಊರವರು ನಾಲ್ಕು ಜನ ಸೇರಿ ಮಣ್ಣು ತುಂಬಿದರು. ಪದದ ತಾಲೀಮಿಗೆ ಹುಸೇನರ ಸಾಲು ಸೇರಿತು. ತುದಿಯಲ್ಲಿ ಒಂದು ಜಾಗ ಬಿಟ್ಟೇ ನಿಂತರು. ಯಜೀದನ ಸಾಲಿಗೆ ಕಳಕಪ್ಪ ಇನ್ನೂ ಬಂದಿರಲಿಲ್ಲ.

ಅವನನ್ನು ಹುಡುಕಿಕೊಂಡು ವೆಂಕೋಬ ಮನೆಗೇ ಬಂದ. ಹಬ್ಬದ ಹತ್ತನೆಯ ದಿನಕ್ಕೆ ತಮ್ಮ ಪಕ್ಷದ ಅಭ್ಯರ್ಥಿ ಊರಿಗೆ ಬರುತ್ತಾನೆ, ಇಲಿಯಾಸ ಕರ್ಬಲಾ ಮುಟ್ಟಿ ಶಹೀದನಾದ ಎಂದು ಒಂದು ಹೊಸ ಪದ ಆಗಬೇಕು ಎಂದ. “ಕಡೀ ನುಡಿಯಾಗ ಊರ ಹೆಸರು, ನಿನ್ನ ಹೆಸರು ಹಾಕ್ತಿಯಲ್ಲ, ಅಲ್ಲೆ ನಮ್ಮ ಸಾಹೇಬ್ರ ಹೆಸರು ಒಂದೀಟು ಸೇರಸು. ಯಜೀದನ ಸಾಲಿನ್ಯಾಗ ದಿಲ್ಲಿಯಾವ್ರನ್ನ ತಾ. ಅಷ್ಟು ಮಾಡಿದ್ರ ಸಾಹೇಬ್ರು ದಿಲ್ಲಿಗೆ ಬರದು ಹುಡುಗನ್ನ ಎಲ್ಲಿ ಮಣ್ಣು ಮಾಡ್ಯಾರ ಅಂತ ತರಸ್ತಾರ. ಅಬೇದಾಗ ಗೋರಿ ಎಲ್ಲೈತಿ ಅಂತಾದ್ರೂ ಗೊತ್ತಾಗಬೇಕಲ್ಲ?”

ಈ ಕೊನೆಯ ಮಾತು ಅವನನ್ನು ಕಟ್ಟಿಹಾಕಿತು. ಸುಳ್ಳು ಪದವೊಂದನ್ನು ಕೊಟ್ಟರೆ ನಿಜದ ಗೋರಿಯೊಂದು ಸಿಗಬಹುದು. “ನೋಡ್ತೀನಿ” ಎಂದ. ಸಂಜೆಗೆ ವಿರೂಪಾಕ್ಷಪ್ಪನಿಗೂ ಅದು ತಿಳಿಯಿತು.

ಮರುದಿನ ಬೆಳಗ್ಗೆ ಹೋಟೆಲಿನಲ್ಲಿ ಇಬ್ಬರೂ ಅವನನ್ನು ನಡುವೆ ಕೂರಿಸಿಕೊಂಡರು. ಹಬ್ಬದ ದಿನಗಳಾದ್ದರಿಂದ ಕಳಕಪ್ಪನ ಕಾಲಲ್ಲಿ ಚಪ್ಪಲಿಯಿರಲಿಲ್ಲ, ಕೊರಳಲ್ಲಿ ಲಾಡಿ ಇತ್ತು. ಗಾಳೇಶ ಇಟ್ಟ ಚಹಾ ಆರುತ್ತಿತ್ತು.

“ಹಬ್ಬದಾಗ ರಾಜಕೀಯ ತರಬ್ಯಾಡ ಕಳಕಪ್ಪ. ತರೂದಾದ್ರ ಸರೀ ತಾ. ಅವ ಮುಟ್ಟಿಲ್ಲ,” ಎಂದ ವಿರೂಪಾಕ್ಷಪ್ಪ.

“ಮುಟ್ಟ್ಯಾನ,” ಎಂದ ವೆಂಕೋಬ.

“ಎಲ್ಲೈತಿ ಸಾಕ್ಷಿ?”

“ನಿಮ್ಮ ಆಯುಧಕ್ಕ ಎಲ್ಲಿತ್ತು ಸಾಕ್ಷಿ?”

“ಅದೇ ಬ್ಯಾರೆ, ಇದೇ ಬ್ಯಾರೆ.”

“ಬ್ಯಾರೆ ಹ್ಯಾಂಗಾಗ್ತೈತಿ? ಸಾಕ್ಷಿ ಇಲ್ಲದs ಊರಿಗೆ ಊರs ಸುಟ್ರಲ್ಲ, ನಾವು ಒಂದು ಪದ ಹಾಡಬಾರದೇನು?”

ಕಳಕಪ್ಪ ಇಬ್ಬರ ಮುಖ ನೋಡುತ್ತಿದ್ದ. ಕೆಟ್ಟವರಲ್ಲ. ಇಲಿಯಾಸನ ಸುದ್ದಿ ಬಂದ ದಿನ ವೆಂಕೋಬ ಬೂತಿನ ಬಾಗಿಲು ಹಾಕಿ ಒಳಗೆ ಕುಳಿತು ಅತ್ತಿದ್ದ. ವಿರೂಪಾಕ್ಷಪ್ಪ ತನ್ನ ಮನೆಯಿಂದ ಬುತ್ತಿ ಕಳಿಸಿದ್ದ. ಪೇಪರು ಕೈಗೆ ಬಂದಾಗ ಮಾತ್ರ ಅವರಿಬ್ಬರೂ ಬೇರೆ ಯಾರೋ ಆಗುತ್ತಿದ್ದರು.

ಅಷ್ಟರಲ್ಲಿ ಅಬೇದಾಬಿ ತುಂಬಿದ ಕೊಡ ಹೊತ್ತು ದಾರಿಯಲ್ಲಿ ಬಂದಳು. ಹೋಟೆಲಿನ ಮುಂದೆ ಬಂದಾಗ ಎಂದಿನಂತೆ ಅವಳ ನಡಿಗೆ ನಿಧಾನವಾಯಿತು. ವೆಂಕೋಬ ಬೆಂಚಿನಿಂದ ಅರ್ಧ ಎದ್ದು ಕೂಗಿ ಹೇಳಿದ:

“ಅಬೇದಾ, ಕೇಳಿಲ್ಲೆ. ನಿನ್ನ ಮಗ ಕರ್ಬಲಾ ಮುಟ್ಟಿದ್ದ ಅಂತ ಕಳಕಪ್ಪ ಪದಾ ಕಟ್ಟಾಕತ್ಯಾನ. ಅವತ್ತ ಫೋನಿನ್ಯಾಗ ತೆಲುಗಿನಾವ ಅದನ್ನs ಹೇಳ್ಯಾನಂತ.”

ಅವಳು ನಿಂತಳು. ಕೊಡ ಅಲುಗಿ ನೀರು ಹಣೆಯ ಮೇಲಿಂದ ಇಳಿಯಿತು, ಒರೆಸಿಕೊಳ್ಳಲಿಲ್ಲ. ತಿಂಗಳುಗಳಿಂದ ಬತ್ತಿದ್ದ ಮುಖದಲ್ಲಿ ಏನೋ ಒಂದು ಸಣ್ಣದು ಏಳತೊಡಗಿತು. ವೆಂಕೋಬನನ್ನು ಅವಳು ನೋಡಲೇ ಇಲ್ಲ.

“ಖರೇನ ಅಣ್ಣಾ?” ಎಂದಳು.

“ಖರೇ ಅಲ್ಲದs ಏನು,” ಎಂದ ವೆಂಕೋಬ. “ಹೇಳಪಾ ಕಳಕಪ್ಪ, ಅಕೀ ಎದುರಿಗೇ ಹೇಳು. ಈ ಗೌಡನ ಬಾಯಿ ಒಮ್ಮೆ ಮುಚ್ಚಲಿ.”

“ಹೇಳ್ಲಿ ನೋಡೂಣು,” ಎಂದ ವಿರೂಪಾಕ್ಷಪ್ಪ. “ಅಲಾಯಿ ದೇವರ ಲಾಡಿ ಕೊರಳಾಗ ಐತಿ, ಅದನ್ನ ಮುಟ್ಟಿ ಹೇಳ್ಲಿ.”

ಕಳಕಪ್ಪ ಎದ್ದ. ಬೆಂಚು ದಾಟಿ ಬರಿಗಾಲಲ್ಲಿ ಬಿಸಿಲಿಗೆ ಇಳಿದ. ಅಬೇದಾಬಿಯ ತಲೆಯಿಂದ ಕೊಡವನ್ನು ಎರಡೂ ಕೈಯಿಂದ ಇಳಿಸಿಕೊಂಡು ತನ್ನ ಹೆಗಲ ಮೇಲಿಟ್ಟುಕೊಂಡ. ಗಂಡಸು ನೀರಿನ ಕೊಡ ಹೊತ್ತದ್ದನ್ನು ಕಂಡು ಹೋಟೆಲಿನವರು ಬೆಂಚಿನಿಂದ ಎದ್ದು ಬಾಗಿಲಿಗೆ ಬಂದರು.

“ಮನಿಗೆ ನಡಿ ತಂಗಿ,” ಎಂದ. “ಜಿಲಾನ ಮನ್ಯಾಗ ಅದಾನಲ್ಲ? ಇಬ್ಬರೂ ಕೂಡಿ ಕೇಳ್ರಿ. ಅವತ್ತs ಹೇಳಬೇಕಿತ್ತು.”

ಅವಳ ಮುಖದಲ್ಲಿ ಎದ್ದದ್ದು ಅಲ್ಲೇ ನಿಂತಿತು. ಅವಳು ಸೆರಗು ಎಳೆದುಕೊಂಡು ಅವನ ಹಿಂದೆ ನಡೆದಳು.

“ಅಲ್ಲಪಾ, ಮಾತು ಮುಗಸಿ ಹೋಗು,” ಎಂದು ವೆಂಕೋಬ ಹಿಂದಿನಿಂದ ಕರೆದ. “ಸಾಹೇಬ್ರಿಗೆ ಏನಂತ ಹೇಳ್ಲಿ? ಕಡೀ ನುಡಿ…”

ಕಳಕಪ್ಪ ತಿರುಗಿ ನೋಡದೆ ಓಣಿಯ ತಿರುವಿನ ಕಡೆ ನಡೆದ.